ಬಾರೆಗೊಂದು ಅಂಗಳ

ಬಳ್ಳಾರಿಯಲ್ಲಿ ಮನೆ ಕಟ್ಟಿಸುವವರು ಸಿಮೆಂಟು, ಟೈಲ್ಸು, ಬೋರ್‌ವೆಲ್ಲುಗಳ ಲೆಕ್ಕವೆಲ್ಲ ಮುಗಿದ ಮೇಲೆ ಗೇಟಿಗೂ ಗೋಡೆಗೂ ನಡುವೆ ಉಳಿದ ಒಂದಿಷ್ಟು ಮಣ್ಣಿನ ಕಡೆ ನೋಡುತ್ತಾರೆ. ಅಲ್ಲಿ ಏನು ನೆಡಬೇಕು ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬರುವುದರಿಂದ ಅದನ್ನು ನಾವು ಚಿಕ್ಕ ಪ್ರಶ್ನೆ ಎಂದುಕೊಳ್ಳುತ್ತೇವೆ. ನರ್ಸರಿಯವರು ತೋರಿಸಿದ್ದನ್ನು ಆಟೋದಲ್ಲಿ ಹಾಕಿಕೊಂಡು ಬರುತ್ತೇವೆ: ಎರಡು ಪಾಮ್, ನಾಲ್ಕು ಕ್ರೋಟನ್, ಜಾಗ ಉಳಿದರೆ ಒಂದು ತುಂಡು ಲಾನ್. ವರ್ಷದೊಳಗೆ ಅಂಗಳ ಹಸಿರಾಗುತ್ತದೆ. ಆದರೆ ಆ ಹಸಿರಿಗೆ ಗಿಳಿ ಬರುವುದಿಲ್ಲ, ಮಗು ಬರುವುದಿಲ್ಲ, ಓಣಿಯಲ್ಲಿ ಹೋಗುವವರು ಅದನ್ನು ನೋಡಿ ತಲೆಯೆತ್ತುವುದಿಲ್ಲ. ನೀರೊಂದನ್ನು ಬಿಟ್ಟು ಯಾರಿಂದಲೂ ಏನೂ ಕೇಳದ, ಯಾರಿಗೂ ಏನೂ ಕೊಡದ ಹಸಿರು ಅದು.

ಹೀಗೆ ಆರಿಸುವಾಗ ನಾವು ಬಿಟ್ಟುಬಿಡುವ ಗಿಡ ಒಂದಿದೆ, ಬಾರೆ. ದಕ್ಷಿಣದ ಜಿಲ್ಲೆಗಳವರು ಅದನ್ನು ಎಲಚಿ ಎನ್ನುತ್ತಾರೆ. ನಮ್ಮೂರಿನ ತೆಲುಗು ಮನೆಗಳಲ್ಲಿ ಅದು ರೇಗು. ಕುರುಗೋಡಿನ ಗುಡ್ಡದ ಇಳಿಜಾರಿನಲ್ಲಿ, ಸಿರುಗುಪ್ಪದ ಎರೆ ಹೊಲಗಳ ಬದುವಿನಲ್ಲಿ, ಬಳ್ಳಾರಿಯ ಪಾಳುಬಿದ್ದ ಸೈಟುಗಳಲ್ಲಿ ತಾನಾಗಿ ಹುಟ್ಟಿ ಬೆಳೆಯುವಂಥದ್ದು. ತಾನಾಗಿ ಹುಟ್ಟುವುದನ್ನು ದುಡ್ಡು ಕೊಟ್ಟು ನೆಡುವುದೇಕೆ ಎಂಬುದು ಒಂದು ಆಕ್ಷೇಪ. ಉಳಿದ ಆಕ್ಷೇಪಗಳೂ ಗೊತ್ತಿರುವವೇ. ಮುಳ್ಳು ಚುಚ್ಚುತ್ತದೆ, ಬೇಸಿಗೆಯಲ್ಲಿ ಎಲೆ ಉದುರಿ ಕಸವಾಗುತ್ತದೆ, ಹಣ್ಣಿನ ಕಾಲಕ್ಕೆ ಹುಡುಗರು ಕಲ್ಲು ಬೀರುತ್ತಾರೆ. ಮುಳ್ಳಿನ ಗಿಡ ಮನೆಯ ಮುಂದೆ ಕೂಡದೆಂದು ವಾಸ್ತು ಹೇಳುವವರೂ ಉಂಟು. ಗುಲಾಬಿಗೆ ಮಾತ್ರ ಆ ನಿಯಮದಿಂದ ವಿನಾಯಿತಿ ಸಿಕ್ಕಿದ್ದು ಹೇಗೋ! ಈ ಆಕ್ಷೇಪಗಳಲ್ಲಿ ಹೆಚ್ಚಿನವು ನಿಜವೇ. ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗಿಡದ ದೋಷಕ್ಕಿಂತ ನಮ್ಮ ಸ್ವಭಾವವೇ ಎದ್ದು ಕಾಣುತ್ತದೆ. ಕಸ ಬೇಡ, ಗಾಯ ಬೇಡ, ಗಲಾಟೆ ಬೇಡ. ಇನ್ನೊಂದು ಜೀವದ ಜೊತೆ ಬಾಳುವುದೆಂದರೆ ಈ ಮೂರನ್ನೂ ಒಪ್ಪಿಕೊಳ್ಳುವುದೇ ಅಲ್ಲವೇ? ಮಕ್ಕಳಿರುವ ಮನೆಯಲ್ಲಿ ಈ ಮೂರೂ ಇಲ್ಲದ ದಿನವಾದರೂ ಯಾವುದು?

ಬಿಲ್ವಕ್ಕೆ ಶಿವನ ರಕ್ಷೆಯಿದೆ. ಬನ್ನಿಗೆ ದಸರೆಯ ರಕ್ಷೆ, ಬೇವಿಗೆ ಯುಗಾದಿಯ ಮತ್ತು ಅಮ್ಮನ ರಕ್ಷೆ. ಅವುಗಳ ಮೇಲೆ ಕೊಡಲಿ ಎತ್ತಿದ ಕೈ ಒಂದು ಗಳಿಗೆಯಾದರೂ ಅಳುಕುತ್ತದೆ. ಬಾರೆಗೆ ಅಂಥ ಕಾವಲಿಲ್ಲ. ಬದರಿ ಎಂದು ಪುರಾಣಗಳಲ್ಲಿ ಅದರ ಹೆಸರು ದೊಡ್ಡದೇ, ಹಿಮಾಲಯದ ಬದರಿಗೆ ಯಾತ್ರೆ ಹೋಗಿ ಬಂದವರು ನಮ್ಮಲ್ಲಿ ಎಷ್ಟೋ ಜನ. ಊರಿಗೆ ಮರಳಿ ಬದುವಿನ ಬದರಿಯನ್ನು ಕಡಿಸುವಾಗ ಮಾತ್ರ ಆ ಯಾತ್ರೆ ನೆನಪಾಗುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮಕ್ಕಳ ತಲೆಯ ಮೇಲೆ ಬಾರೆಹಣ್ಣು, ಕಬ್ಬಿನ ತುಂಡು, ಚಿಲ್ಲರೆ ಕಾಸು ಸೇರಿಸಿ ಎರೆಯುವ ಮನೆಗಳಲ್ಲಿ ಅದಕ್ಕೆ ಒಂದು ದಿನದ ಮರ್ಯಾದೆ ಸಿಗುತ್ತದೆ. ಆ ಹಣ್ಣೂ ಈಗ ಸಂತೆಯಿಂದ ಬರುತ್ತದೆ.

ಈ ಗಿಡದ ವರ್ಷವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ, ಬಂಡೆಗುಡ್ಡ ರಾತ್ರಿಯಲ್ಲೂ ಕಾವು ಉಗುಳುವ ಚೈತ್ರ ವೈಶಾಖಗಳಲ್ಲಿ, ನಮ್ಮ ಪಾಮ್ ಕ್ರೋಟನ್‌ಗಳು ದಿನಕ್ಕೆ ಎರಡು ಸಲ ನೀರು ಬೇಡುತ್ತ ನಿಂತಿರುವಾಗ ಬಾರೆ ತನ್ನ ಎಲೆಗಳನ್ನು ಬಿಟ್ಟುಕೊಡುತ್ತದೆ. ನೋಡಿದವರು ಒಣಗಿಹೋಯಿತೆಂದೇ ತಿಳಿಯಬೇಕು. ಒಣಗಿರುವುದಿಲ್ಲ. ಸಾಕಲಾರದ ಎಲೆಯನ್ನು ಇಳಿಸಿ, ಆಳಕ್ಕಿಳಿದ ತಾಯಿಬೇರಿನ ಬಲದ ಮೇಲೆ ಸುಮ್ಮನಿರುತ್ತದೆ. ಮೊದಲ ಮಳೆಗೆ ಚಿಗುರು. ನಮ್ಮಲ್ಲಿ ಮಳೆ ಹೆಚ್ಚು ಬೀಳುವುದು ಭಾದ್ರಪದ ಆಶ್ವಯುಜಗಳಲ್ಲಿ. ಸರಿಯಾಗಿ ಆಗಲೇ ಎಲೆಯ ಕಂಕುಳಲ್ಲಿ ಹಸಿರು ಹಳದಿಯ ಸಣ್ಣ ಸಣ್ಣ ಹೂವು. ಯಾರೂ ಮುಡಿಯದ, ದೇವರಿಗೂ ಏರಿಸದ ಹೂವು ಅದು. ಅದರ ಮಂದ ವಾಸನೆ ನೊಣಕ್ಕೂ ಜೇನಿಗೂ ಸಾಕಾಗುತ್ತದೆ, ನಮ್ಮ ಮೂಗಿಗೆ ಸಾಲದು. ಹಣ್ಣು ಬರುವುದು ಪುಷ್ಯ ಮಾಘಗಳಲ್ಲಿ, ಬಯಲುಸೀಮೆಯ ಹೊಲಗಳೆಲ್ಲ ಕೊಯ್ಲಾಗಿ ಬೋಳಾಗುವ ಹೊತ್ತಿಗೆ.

ಇಡೀ ವರ್ಷ ಒಂದೇ ಸಮ ಹಸಿರಾಗಿರಬೇಕೆಂಬ ಹಟ ಈ ಗಿಡಕ್ಕಿಲ್ಲ. ನಮಗೆ? ಬಡತನದ ಕಾಲದಲ್ಲೂ ಹಬ್ಬದ ಕಳೆ ಹೊತ್ತು ತಿರುಗುವ, ಇಲ್ಲದ ಹೊತ್ತಿನಲ್ಲೂ ಇದೆಯೆಂದೇ ತೋರಿಸಿಕೊಳ್ಳುವ ನಮ್ಮ ಕಷ್ಟವನ್ನು ಬಾರೆ ಪಡುವುದಿಲ್ಲ. ಕಳೆದುಕೊಳ್ಳಬೇಕಾದ್ದನ್ನು ಸಕಾಲದಲ್ಲಿ ಕಳೆದುಕೊಳ್ಳುವುದೂ ಒಂದು ಬಲ. ನಮ್ಮ ಹಿರಿಯರು ಬರಗಾಲವನ್ನು ದಾಟಿದ್ದು ಹೀಗೆಯೇ. 1876ರಿಂದ 78ರವರೆಗಿನ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳ ಪೈಕಿ ಹೆಚ್ಚು ನೊಂದವುಗಳಲ್ಲಿ ನಮ್ಮದೂ ಒಂದು. ಆ ನೆಲದ ಮೇಲೆ ನಿಂತು ಸದಾ ಹಸಿರಿನ ಕನಸು ಕಾಣುವುದು ತಪ್ಪಲ್ಲ. ಆದರೆ ಆ ಕನಸಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳದಿರುವುದು ತಪ್ಪು.

ಸಿರುಗುಪ್ಪದವರಿಗೆ ಆ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಜೋಳ, ಹತ್ತಿಯ ಎರೆ ಹೊಲಗಳು ಕ್ರಮೇಣ ಭತ್ತದ ಗದ್ದೆಗಳಾದವು, ಊರಿನ ಸುತ್ತ ರೈಸ್ ಮಿಲ್ಲುಗಳೆದ್ದವು. ಒಳ್ಳೆಯದೇ ಆಯಿತು, ಅನ್ನ ಕಂಡ ನಾಡನ್ನು ಜರೆಯಲು ನಾವು ಯಾರು? ಆದರೆ ಗದ್ದೆ ಬಂದಂತೆ ಬದು ಸಣ್ಣದಾಯಿತು, ಟ್ರ್ಯಾಕ್ಟರ್ ತಿರುಗಲು ಅಡ್ಡವಾದ ಬಾರೆ, ಬನ್ನಿಗಳು ಒಂದೊಂದಾಗಿ ಹೋದವು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದು ಕೂತಿತು. ಒಂದು ಸರಪಳಿ ಕಳಚಿದರೆ ಲಕ್ಷಾಂತರ ಎಕರೆಯ ಭವಿಷ್ಯ ಅಲುಗಾಡುತ್ತದೆಂದು ಆಗ ಗೊತ್ತಾಯಿತು. ಆ ವಾರವೂ ಬದುವಿನ ಮೇಲೆ ಅಳಿದುಳಿದ ಬಾರೆಗಳು ತಮ್ಮ ಪಾಡಿಗೆ ಹೂವಿಗೆ ಅಣಿಯಾಗುತ್ತಿದ್ದವು. ಎಲ್ಲರೂ ಗದ್ದೆ ಬಿಟ್ಟು ಬಾರೆ ಬೆಳೆಯಿರಿ ಎಂದು ಹೇಳಲು ಈ ಮಾತು ತೆಗೆದದ್ದಲ್ಲ. ಹೊರಗಿನ ನೀರನ್ನೇ ನಂಬಿದ ಬದುಕಿನ ಪಕ್ಕದಲ್ಲಿ ಒಳಗಿನ ಬೇರನ್ನು ನಂಬಿದ ಒಂದಾದರೂ ಜೀವ ಇರಲಿ ಎನ್ನುವುದಕ್ಕೆ.

ಕುರುಗೋಡಿಗೆ ಬಂದರೆ ಚಿತ್ರವೇ ಬೇರೆ. ದೊಡ್ಡ ಬಸವೇಶ್ವರನ ದರ್ಶನಕ್ಕೆ ಹೋಗುವವರು ಏಕಶಿಲೆಯ ಬಸವಣ್ಣನ ಗಾತ್ರಕ್ಕೆ ಬೆರಗಾಗುತ್ತಾರೆ, ಊರಿನ ಬೆನ್ನಿಗೆ ನಿಂತ ಕಲ್ಲುಗುಡ್ಡಗಳನ್ನು ಅಷ್ಟಾಗಿ ನೋಡುವುದಿಲ್ಲ. ಆ ಗುಡ್ಡಗಳ ಸಂದಿಯಲ್ಲಿ, ಹಿಡಿ ಮಣ್ಣು ಸಿಕ್ಕಲ್ಲಿ ಬಾರೆ ಇದೆ. ಅಲ್ಲಿಂದ ದೂರವಲ್ಲದ ದರೋಜಿಯ ಕರಡಿಧಾಮ 1994ರಲ್ಲಿ ಆದದ್ದು. ಅಲ್ಲಿನ ಕರಡಿಗಳು ಹಣ್ಣು ತಿಂದು ಹೋದಲ್ಲೆಲ್ಲ ಬೀಜ ಬಿಟ್ಟು ಬರುತ್ತವೆ. ನೆಡುವವರು ಇಲ್ಲವೆಂದು ನಾವು ಹೇಳುವ ಗಿಡಕ್ಕೆ ನೆಡುವವರು ಇಲ್ಲದಿಲ್ಲ. ನಮಗಿಂತ ಶ್ರದ್ಧೆಯಿಂದ ಆ ಕೆಲಸ ನಡೆದಿದೆ.

ಇನ್ನೂ ಹಿಂದಕ್ಕೆ ಹೋಗಬಹುದು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963ರಿಂದ 65ರವರೆಗೆ ಎಂ.ಎಸ್. ನಾಗರಾಜ ರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಉತ್ಖನನ ನಡೆಸಿ ಗುಡ್ಡದ ಮೇಲೆ ಬಾಳಿದ ನವಶಿಲಾಯುಗದವರ ಮನೆಗಳನ್ನು ಹೊರತೆಗೆದರು. ಬಳ್ಳಾರಿಯ ಮಗ್ಗುಲಲ್ಲೇ ಇರುವ ಸಂಗನಕಲ್ಲಿನಲ್ಲಿ ನಾಲ್ಕು ಸಾವಿರ ವರ್ಷದ ಹಿಂದಿನ ಬೂದಿಯೊಳಗೆ ಹುರುಳಿ, ಹೆಸರುಕಾಳುಗಳು ಸಿಕ್ಕಿವೆ. ದನ ಮೇಯಿಸಿಕೊಂಡು, ಕಲ್ಲುಕೊಡಲಿ ಮಸೆದುಕೊಂಡು ಬಂಡೆಗಳ ನಡುವೆ ಬಾಳಿದ ಆ ಜನರ ಮಕ್ಕಳು ಚಳಿಗಾಲದ ಬೆಳಗಿನಲ್ಲಿ ಏನನ್ನು ಆರಿಸಿ ತಿಂದಿರಬಹುದು? ಅವರ ಕೈಗೂ ಇದೇ ಮುಳ್ಳು ಗೀರಿರಲಾರದೇ? ನಮ್ಮೂರಿಗೆ ನಾವು ಬಂದದ್ದು ಎಂದು ಎಂಬುದರ ಬಗ್ಗೆ ಎಷ್ಟೊಂದು ಜಗಳ ಆಡುತ್ತೇವೆ! ಈ ಗಿಡದ ಮುಂದೆ ನಾವೆಲ್ಲರೂ ನಿನ್ನೆ ಮೊನ್ನೆ ಬಂದವರೇ.

ಇಷ್ಟು ಹಳೆಯ ಗಿಡ ಮೂಲೆ ಸೇರಿತು, ಊರಿನ ಹೆಸರನ್ನು ಪಡೆದದ್ದು ಇನ್ನೊಂದು. ಮೆಕ್ಸಿಕೋ ಕಡೆಯ ಮುಳ್ಳಿನ ಮರವೊಂದು 19ನೇ ಶತಮಾನದ ಕೊನೆಯ ಭಾಗದಲ್ಲಿ ಸೌದೆಗಾಗಿ, ಬರಡು ನೆಲ ಹಸಿರಾಗಲಿ ಎಂದು ಈ ದೇಶಕ್ಕೆ ಬಂದು, ಕೆರೆಯಂಗಳ, ಗೋಮಾಳ, ಕಾಲುವೆ ದಂಡೆಗಳನ್ನೆಲ್ಲ ಆಕ್ರಮಿಸಿತು. ಕರ್ನಾಟಕದ ಉದ್ದಗಲಕ್ಕೂ ಅದನ್ನು ಬಳ್ಳಾರಿ ಜಾಲಿ ಎಂದೇ ಕರೆಯುತ್ತಾರೆ. ಬಡವರ ಒಲೆ ಉರಿಸಿದೆ ಎಂಬುದನ್ನು ಮರೆಯುವಂತಿಲ್ಲ. ತನ್ನ ನೆರಳಿನಲ್ಲಿ ಬೇರೊಂದು ಗಿಡವನ್ನು ಸುಲಭಕ್ಕೆ ಬೆಳೆಯಗೊಡುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಮುಳ್ಳು ಎಂಬ ಕಾರಣಕ್ಕೆ ಬಾರೆಯನ್ನು ದೂರವಿಟ್ಟ ನಾವು ಅದಕ್ಕಿಂತ ಉಗ್ರವಾದ ಮುಳ್ಳಿನ ನಡುವೆ ಬಾಳುತ್ತಿದ್ದೇವೆ. ಸಂದಿಯಲ್ಲಿ ನೆಲ ಖಾಲಿ ಬಿಟ್ಟರೆ ಯಾರು ಬಂದು ಕೂಡುತ್ತಾರೆಂದು ಹೇಳಲಾಗುವುದಿಲ್ಲ. ಮನಸ್ಸಿನ ವಿಷಯದಲ್ಲೂ ಇದು ನಿಜವಲ್ಲವೇ?

ಬಾರೆಯ ಮಾತು ಬಂದಾಗ ಶಬರಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅವಳು ದೂರದವಳೇನಲ್ಲ. ತುಂಗಭದ್ರೆ ದಾಟಿದರೆ ಆನೆಗೊಂದಿಯ ಹತ್ತಿರ ಪಂಪಾ ಸರೋವರ, ಅಲ್ಲೇ ಶಬರಿಯ ಗುಹೆ ಎಂದು ಜನ ತೋರಿಸುತ್ತಾರೆ. ವಾಲ್ಮೀಕಿಯಲ್ಲಿ ಶಬರಿ ರಾಮನಿಗಾಗಿ ಪಂಪೆಯ ದಡದಲ್ಲಿ ಕಾಡಿನ ಆಹಾರವನ್ನು ಸಂಗ್ರಹಿಸಿ ಇಡುತ್ತಾಳೆ, ಅಷ್ಟೇ. ಕಚ್ಚಿ ರುಚಿ ನೋಡಿದ ಬಾರೆಹಣ್ಣನ್ನು ಕೊಟ್ಟಳೆಂಬುದು ಆಮೇಲಿನವರು, ಭಕ್ತಿಯ ಕಾಲದವರು, ಕಟ್ಟಿಕೊಂಡ ಕಥೆ. ಈ ಸೇರ್ಪಡೆಯನ್ನು ಪಂಡಿತರು ಹಗುರವಾಗಿ ಕಾಣಬಹುದು, ನನಗಂತೂ ಅದು ಮೂಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋದಂತೆ ಕಾಣುತ್ತದೆ. ಕಟ್ಟಿದವರು ಎಷ್ಟೋ ಹಣ್ಣುಗಳಿರುವಾಗ ಬಾರೆಯನ್ನೇ ಏಕೆ ಆರಿಸಿದರು?

ಹಣ್ಣು ಬಲ್ಲವರಿಗೆ ಉತ್ತರ ಗೊತ್ತಿದೆ. ಬೀಜದಿಂದ ಹುಟ್ಟಿದ ಬಾರೆಯಲ್ಲಿ ಒಂದು ಗಿಡದಂತೆ ಇನ್ನೊಂದಿಲ್ಲ. ಪಕ್ಕಪಕ್ಕದ ಮೂರು ಗಿಡಗಳಲ್ಲಿ ಒಂದು ಜೇನಿನಷ್ಟು ಸಿಹಿ ಕೊಟ್ಟರೆ ಇನ್ನೊಂದು ಹಲ್ಲು ಚಳಿಯುವಷ್ಟು ಹುಳಿ, ಮೂರನೆಯದು ಬಾಯಿ ಒಗರು. ಬಣ್ಣ ನೋಡಿ ಹೇಳಲಾಗುವುದಿಲ್ಲ. ಕೆಂಪಗೆ ಮಿರುಗುವ ಹಣ್ಣಿನೊಳಗೆ ಹುಳು ಇರಬಹುದು, ಹಳದಿ ಮಾಸಿ ಸುಕ್ಕುಗಟ್ಟಿದ್ದೇ ರುಚಿಯಾಗಿರಬಹುದು. ಮಾವನ್ನು ಮೂಸಿ ತಿಳಿಯಬಹುದು, ಹಲಸನ್ನು ತಟ್ಟಿ ತಿಳಿಯಬಹುದು, ಬಾರೆಯನ್ನು ಕಚ್ಚಿಯೇ ತಿಳಿಯಬೇಕು. ಅತಿಥಿಗೆ ಒಳ್ಳೆಯದನ್ನೇ ಕೊಡಬೇಕೆಂದುಕೊಂಡವಳಿಗೆ ಎರಡನೆಯ ದಾರಿ ಇರಲಿಲ್ಲ. ಎಂಜಲೆಂದು ಮುಖ ತಿರುಗಿಸುವವನಿಗೆ ಕಾಣುವುದು ಮೈಲಿಗೆ. ಹಣ್ಣು ಬಲ್ಲವನಿಗೆ ಕಾಣುವುದು, ಹುಳಿಯೆಲ್ಲವನ್ನೂ ತಾನು ತಿಂದು ಸಿಹಿಯನ್ನು ಮಾತ್ರ ಎತ್ತಿಟ್ಟ ಮುದುಕಿಯ ಕಷ್ಟ. ಈ ಕಥೆ ಕಟ್ಟಿದವರು ಗ್ರಂಥ ಓದಿದವರೋ ಇಲ್ಲವೋ, ಬಾರೆ ಗಿಡದ ಕೆಳಗೆ ನಿಂತವರಂತೂ ಹೌದು.

ಈಗ ಬಳ್ಳಾರಿಯ ಬೀದಿಯಲ್ಲಿ ತಳ್ಳುಗಾಡಿಯ ಮೇಲೆ ಗುಡ್ಡೆ ಹಾಕಿರುವ ಆಪಲ್ ಬಾರೆಗೆ ಯಾವ ಶಬರಿಯೂ ಬೇಕಾಗಿಲ್ಲ. ಒಂದೇ ಗಾತ್ರ, ಒಂದೇ ಹಸಿರು, ಒಂದೇ ನೀರುನೀರಾದ ಸಿಹಿ. ಉಮ್ರಾನ್, ಗೋಲಾ, ಕೈಥಲಿ ಎಂಬ ಕಸಿ ತಳಿಗಳು ಒಣಬೇಸಾಯದ ರೈತರ ಕೈ ಹಿಡಿದಿವೆ, ಅವುಗಳನ್ನು ದೂರಲು ಕಾರಣವಿಲ್ಲ. ಮಾರುವವರಿಗೆ ಒಂದೇ ರುಚಿ ಬೇಕು, ಅದು ವ್ಯಾಪಾರದ ನ್ಯಾಯ. ಅಂಗಳದ ನ್ಯಾಯವೂ ಅದೇ ಆಗಬೇಕೇ? ಮನೆಯ ಗಿಡದ ಹಣ್ಣು ಹೀಗೇ ಇರುತ್ತದೆಂದು ಮೊದಲೇ ಗೊತ್ತಿಲ್ಲದಿರುವುದರಲ್ಲಿ ಒಂದು ಸುಖವಿದೆ. ಒಳಗೆ ಹುಟ್ಟಿದ ಮಗುವಿನ ಸ್ವಭಾವವನ್ನು ಮೊದಲೇ ಬರೆಸಿಕೊಂಡು ಬಂದವರಿಲ್ಲವಷ್ಟೆ. ಹುಳಿ ಬಂದರೂ ದಾರಿ ಇದೆ: ಉಪ್ಪು, ಮೆಣಸಿನಕಾಯಿ, ಬೆಲ್ಲ ಸೇರಿಸಿ ಒರಳಲ್ಲಿ ಕುಟ್ಟಿ, ತಟ್ಟಿ, ಮಾಳಿಗೆಯ ಮೇಲೆ ಒಣಗಿಸಿದರೆ ವರ್ಷವಿಡೀ ಬಾಯಿಗೆ ಕೆಲಸ. ನಮ್ಮ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇನ್ನೇನಿದೆ?

ಮುಳ್ಳಿನ ಮಾತಿಗೆ ಮರಳೋಣ. ಬಾರೆಯ ಪ್ರತಿ ಗೆಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಮುಳ್ಳು, ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ನೆಟ್ಟಗಿನದು ಕೈ ಹಾಕುವಾಗ ಚುಚ್ಚುತ್ತದೆ, ಕೊಕ್ಕೆ ಕೈ ತೆಗೆಯುವಾಗ ಹಿಡಿಯುತ್ತದೆ. ಆತುರದ ಕೈಗೆ ಎರಡು ಸಲ ಶಿಕ್ಷೆ. ನಿಧಾನವಾಗಿ ರೆಂಬೆ ಹಿಡಿದು, ಮುಳ್ಳಿನ ದಿಕ್ಕು ನೋಡಿ, ಬಂದ ದಾರಿಯಲ್ಲೇ ಕೈ ಹಿಂದಕ್ಕೆ ತೆಗೆದರೆ ಏನೂ ಆಗುವುದಿಲ್ಲ. ಆಡು ಕಾಯುವ ಹುಡುಗಿಗೆ ಇದು ಗೊತ್ತು. ಗಾಯವಾಗದಂತೆ ಮಗುವನ್ನು ಬೆಳೆಸುವುದು ಒಂದು ವಿಧ, ಗಾಯ ತಪ್ಪಿಸಿಕೊಳ್ಳುವ ನಿಧಾನವನ್ನು ಕಲಿಸುವುದು ಇನ್ನೊಂದು ವಿಧ. ಮೊದಲನೆಯದಕ್ಕೆ ಸಿಮೆಂಟಿನ ಅಂಗಳ ಸಾಕು.

ಕತ್ತರಿಸುವುದೂ ಈ ಗಿಡದ ಜೊತೆಗಿನ ಬಾಳಿನಲ್ಲಿ ಸೇರಿದೆ. ಹೂವು ಹಣ್ಣು ಬರುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಆದ್ದರಿಂದ ಎಲೆಯುದುರಿದ ಬೇಸಿಗೆಯಲ್ಲಿ ರೆಂಬೆಗಳನ್ನು ಧೈರ್ಯವಾಗಿ ಸವರಬೇಕು. ಸವರದೆ ಮುದ್ದಿಸಿದ ಬಾರೆ ಮುಳ್ಳಿನ ಪೊದೆಯಾಗುತ್ತದೆ, ಹಣ್ಣು ಸಣ್ಣದಾಗುತ್ತದೆ. ಕಡಿದ ಕೊಂಬೆ ಹಿಂದೆಲ್ಲ ಹೊಲಕ್ಕೆ ಬೇಲಿಯಾಗುತ್ತಿತ್ತು, ಎಲೆ ಆಡಿಗೆ ಮೇವಾಗುತ್ತಿತ್ತು.

ನಾನು ಇನ್ನೊಂದು ಸಂಗತಿಯನ್ನು ಇದೆಲ್ಲಕ್ಕಿಂತ ದೊಡ್ಡದೆಂದು ತಿಳಿದಿದ್ದೇನೆ. ಬಾರೆಯ ಹಲವು ತಳಿಗಳಲ್ಲಿ ಹೂವು ತನ್ನದೇ ಗಿಡದ ಪರಾಗಕ್ಕೆ ಒಲಿಯುವುದಿಲ್ಲ. ಹತ್ತಿರದಲ್ಲಿ ಬೇರೊಂದು ಬಾರೆ ಇರಬೇಕು, ನೊಣವೋ ಜೇನೋ ನಡುವೆ ಓಡಾಡಬೇಕು, ಆಗ ಕಾಯಿ ಕಟ್ಟುತ್ತದೆ. ಒಂಟಿ ಗಿಡ ಎಷ್ಟು ಹೂ ಬಿಟ್ಟರೂ ಉದುರಿಸಿಕೊಂಡು ನಿಲ್ಲಬಹುದು. ಕಾಂಪೌಂಡು ಎತ್ತರಿಸಿ, ಮೇಲೆ ಗಾಜಿನ ಚೂರು ನೆಟ್ಟು, ನಮ್ಮ ಮನೆ ನಮ್ಮ ಮಟ್ಟಿಗೆ ಎಂದು ಬಾಳುವ ನಾವು ಬಾರೆ ನೆಟ್ಟ ದಿನದಿಂದ ಪಕ್ಕದ ಮನೆಯವರೂ ಒಂದು ನೆಡಲಿ ಎಂದು ಬಯಸಬೇಕಾಗುತ್ತದೆ. ಎಂಥ ಒಳ್ಳೆಯ ಸ್ವಾರ್ಥ ಅದು!

ಕಲ್ಲು ಬೀರುವ ಹುಡುಗರನ್ನೂ ಈ ಬೆಳಕಿನಲ್ಲಿ ನೋಡಬೇಕು. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ತಾವು ಉಣ್ಣುವ ಮೊದಲು ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುವುದು ನಮ್ಮ ಸೀಮೆಯ ಪದ್ಧತಿ. ಬೆಳೆ ನಮ್ಮದೇ ಆದರೂ ನೆಲಕ್ಕೆ, ಹಕ್ಕಿಗೆ, ಇರುವೆಗೆ ಅದರಲ್ಲಿ ಪಾಲುಂಟೆಂದು ಕೈಯಾರೆ ಒಪ್ಪಿಕೊಳ್ಳುವ ದಿನ ಅದು. ಹೊಲ ಮಾರಿ ಸೈಟು ಕೊಂಡವರಿಗೆ ಚರಗ ಚೆಲ್ಲಲು ಜಾಗ ಎಲ್ಲಿದೆ? ಬಾರೆ ಬಾಗಿ ಓಣಿಗೆ ಚಾಚಿದ ಒಂದು ಕೊಂಬೆ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಮೇಲಿನದು ಗಿಳಿಗೆ, ನಡುವಿನದು ಪಿಕಳಾರಕ್ಕೆ, ಉದುರಿದ್ದು ಇರುವೆಗೆ, ಗೋಡೆಯಾಚೆಯದು ಶಾಲೆಯಿಂದ ಬರುವ ಮಕ್ಕಳಿಗೆ. ಉಳಿದದ್ದು ನಮ್ಮದು, ಅದೇನೂ ಕಡಿಮೆ ಇರುವುದಿಲ್ಲ. ನಾವು ಕೊಟ್ಟೆವು ಎಂಬ ಹೆಮ್ಮೆ ಪಡಲು ಸಹ ಅವಕಾಶ ಕೊಡದ ದಾನವಿದು, ಏಕೆಂದರೆ ಕೊಡುವುದು ಗಿಡ. ನಾವು ಬೈಯದೆ ಸುಮ್ಮನಿದ್ದರೆ ಸಾಕು. ಬೈಯದಿರುವುದು ಅಷ್ಟು ಸುಲಭವೇ ಎಂದು ಕೇಳಿದರೆ, ಸುಲಭವಲ್ಲ. ಕಿಟಕಿಯ ಗಾಜಿನ ಹತ್ತಿರ ನೆಡಬೇಡಿ ಎಂಬುದೊಂದೇ ನನ್ನ ಸಲಹೆ.

ಹಾಗಾದರೆ ಎಲ್ಲಿ, ಹೇಗೆ? ಹಿತ್ತಲಿನ ಕತ್ತಲ ಮೂಲೆ ಇದಕ್ಕೆ ಒಪ್ಪುವುದಿಲ್ಲ, ದಿನವಿಡೀ ಬಿಸಿಲು ಬೀಳುವ ಕಡೆ, ಓಡಾಡುವ ದಾರಿಯಿಂದ ನಾಲ್ಕು ಹೆಜ್ಜೆ ಒಳಕ್ಕೆ, ಒಂದು ಕೊಂಬೆಯಾದರೂ ಓಣಿಗೆ ಚಾಚುವಂತೆ ಇರಲಿ. ಕುರುಗೋಡಿನ ಗರಸು, ಬಳ್ಳಾರಿಯ ಕೆಂಪು ಮಣ್ಣು, ಸಿರುಗುಪ್ಪದ ಎರೆ, ಕಾಲುವೆಯ ಕೆಳಗೆ ಸವಳಾದ ನೆಲ, ಯಾವುದಾದರೂ ಆದೀತು. ನೀರು ನಿಲ್ಲದಿದ್ದರೆ ಸರಿ. ತಾಯಿಬೇರು ಮುರಿದರೆ ಗಿಡ ಸೊರಗುತ್ತದೆ. ಆದ್ದರಿಂದ ದೊಡ್ಡ ಸಸಿ ಕಿತ್ತು ತರುವುದಕ್ಕಿಂತ, ರುಚಿ ನೋಡಿ ಮೆಚ್ಚಿದ ಹಣ್ಣಿನ ಬೀಜವನ್ನೇ ಎರಡು ಮೂರು ಕಡೆ ಊರುವುದು ಲೇಸು. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಒಂದು ಕೊಡ ನೀರು ಸಾಕು, ಆಮೇಲೆ ಅದು ನಿಮ್ಮನ್ನು ಕೇಳುವುದಿಲ್ಲ. ಬರುವ ಮಾಘದಲ್ಲಿ ಕುರುಗೋಡಿಗೋ ದರೋಜಿಗೋ ಹೋದಾಗ ದಾರಿಬದಿಯ ಗಿಡದ ಹಣ್ಣು ತಿಂದು ನೋಡಿ, ಸಿಹಿಯಾದದ್ದರ ಬೀಜ ಕಿಸೆಗೆ ಹಾಕಿಕೊಳ್ಳಿ. ಪಕ್ಕದ ಮನೆಯವರಿಗೂ ನಾಲ್ಕು ಬೀಜ ಕೊಡಿ.